ಕೇಳಿ ಸುಮ್ಮನಾಗುತ್ತಿದ್ದ ಮೇಷ್ಟ್ರು

ನಮ್ಮ ಚರಿತ್ರೆ ಮೇಷ್ಟ್ರಿಗೆ ಎಡಗಿವಿ ಪೂರ್ತಿ ಮಂದ. ಯಾರು ಮಾತಾಡಿದರೂ ಕುತ್ತಿಗೆ ಹೊರಳಿಸಿ ಬಲಗಿವಿಯನ್ನು ಮುಂದೆ ಚಾಚುತ್ತಿದ್ದರು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ನಾವು ಅದನ್ನು ಅಣಕಿಸಿದ್ದೇ ಅಣಕಿಸಿದ್ದು. ಅವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಬೀದಿಯ ಕೊನೆಯ ಕೋಣೆಯಲ್ಲಿ ತಾವೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಹಾಲು ಮಾತ್ರ ನಮ್ಮ ಮನೆಯಿಂದ ಹೋಗುತ್ತಿತ್ತು.

ನಲವತ್ತರ ದಶಕದ ಮೊದಲ ವರ್ಷಗಳು. ಇಂಗ್ಲೆಂಡಿನ ಚರಿತ್ರೆಯಲ್ಲಿ ಗುಲಾಮಗಿರಿಯ ಪಾಠ ಬಂತೆಂದರೆ ಅವರಿಗೆ ಮೈಮೇಲೆ ಬಂದಂತೆ. ಹಡಗಿನ ತಳದಲ್ಲಿ ಮನುಷ್ಯರನ್ನು ಹೇಗೆ ಒತ್ತೊತ್ತಾಗಿ ಮಲಗಿಸುತ್ತಿದ್ದರೆಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದರು. ಅದನ್ನು ನಿಲ್ಲಿಸಲು ಹೊರಟವರ ಭಾಷಣಗಳನ್ನು ಓದಿ, "ಇವರು ಕೂಗಾಡಿ ಗೆಲ್ಲಲಿಲ್ಲ ಕಣ್ರಯ್ಯ. ಒಂದು ಪ್ರಶ್ನೆ ಕೇಳಿ ಸುಮ್ಮನಾದ್ರು. ಕೇಳಿಸ್ಕೊಂಡೋರಿಗೆ ನಿದ್ದೆ ಹತ್ತಲಿಲ್ಲ," ಎನ್ನುತ್ತಿದ್ದರು.

ಒಂದು ದಿನ ನಮ್ಮನ್ನೇ ಕೇಳಿದರು: "ಬೇಕು ಅಂದಾಗ ಬಿಟ್ಟು ಹೋಗಕ್ಕಾಗದ ಆಳು ಯಾರ ಮನೇಲಿದ್ದಾರೆ?"

ನಾನು ಎದೆ ಉಬ್ಬಿಸಿ ಎದ್ದು ನಿಂತೆ. "ನಮ್ಮನೇಲಿ ನಾಕ್ ಜನ ಅವ್ರೆ ಸಾ!" ನಾಲ್ಕು ಜೀತದಾಳುಗಳಿರುವ ಮನೆಯೆಂದರೆ ನಮ್ಮ ಕಡೆ ಅದೇ ದೊಡ್ಡಸ್ತಿಕೆ. ಶಹಬ್ಬಾಸ್ ಅಂತಾರೆಂದು ಕಾದೆ, ಥೂ ನನ್ನ ಬುದ್ಧಿಗೆ! ಮೇಷ್ಟ್ರು ಬೈಯಲಿಲ್ಲ. "ಅವರಲ್ಲೊಬ್ಬನ್ನ ಕೇಳ್ಕೊಂಡು ಬಾ, ಹೋಗೋಕೆ ಇಷ್ಟವಾ ಅಂತ," ಎಂದರಷ್ಟೇ.

ಸಂಜೆ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ ಹಿರಿಯಾಳನ್ನು ಕೇಳಿದೆ. ಅವನು ಗಾಬರಿಯಿಂದ ಕೈಮುಗಿದ. "ಅಯ್ಯೋ, ಯಾರ್ ಏಳ್ಕೊಟ್ರು ಬುದ್ದಿ? ಗೌಡ್ರ ಕಿವಿಗೆ ಬಿದ್ದಾತು, ಸುಮ್ಕಿರಿ." ಅಪ್ಪ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಕೇಳಲು ಹೇಳಿದ್ದು ಯಾರೆಂದು ಗದರಿದಾಗ ಮೇಷ್ಟ್ರು ಎಂದೆ.

ಮಾರನೆಯ ದಿನವೇ ಮೇಷ್ಟ್ರಿಗೆ ಹಾಲು ನಿಂತಿತು. ಬೀದಿಯವರು ಮಾತು ಬಿಟ್ಟರು. ವಾರದೊಳಗೆ ಹೆಡ್‌ಮೇಷ್ಟ್ರು ಅಪ್ಪನ ಎದುರು ನನ್ನನ್ನು ಕರೆಸಿ, "ಆಳುಗಳನ್ನ ಎತ್ತಿಕಟ್ಟು ಅಂತ ಇವರು ಹೇಳಿದ್ರೇನಯ್ಯ?" ಎಂದರು. ಮೇಷ್ಟ್ರೂ ಅಲ್ಲೇ ಇದ್ದರು, ನನ್ನ ಉತ್ತರಕ್ಕಾಗಿ ಕಿವಿ ಚಾಚಿಕೊಂಡು. ಅವರು ಹಾಗೆ ಹೇಳಿರಲಿಲ್ಲ. ಅಪ್ಪನ ಮುಖ ನೋಡಿ, "ಊಂ ಸಾ," ಎಂದುಬಿಟ್ಟೆ.

"ಆಯ್ತು, ಕ್ಲಾಸಿಗೆ ಹೋಗಪ್ಪ," ಎಂದರು ಮೇಷ್ಟ್ರು.

ಮೇಷ್ಟ್ರಿಗೆ ಅರಕಲಗೂಡಿಗೆ ವರ್ಗವಾಯಿತು. ಟ್ರಂಕನ್ನು ತಾವೇ ಹೊತ್ತುಕೊಂಡು ಬಸ್ಸಿಗೆ ನಡೆದರು. ಇಡೀ ಬೀದಿಯಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡಿ ಅತ್ತೆ.

ತಪ್ಪೊಪ್ಪಿಕೊಳ್ಳುವ ಧೈರ್ಯ ಬರಲು ಆರು ವರ್ಷ ಹಿಡಿಯಿತು. ಅರಕಲಗೂಡಿನಲ್ಲಿ ಅವರು ಬಾಡಿಗೆಗಿದ್ದ ಮನೆಯ ಅಜ್ಜಿ ನನ್ನನ್ನು ಜಗುಲಿಯ ಮೇಲೆ ಕೂರಿಸಿ, "ಓದ ಕಾರ್ತೀಕದಲ್ಲಿ ತೀರ್ಕಂಡ್ರು ಕಣಪ್ಪ," ಎಂದರು. ಅಜ್ಜಿ ನೀರು ತಂದುಕೊಟ್ಟು, "ಇಷ್ಟ್ ವರ್ಸದಲ್ಲಿ ಅವರ್ನ ಕೇಳ್ಕಂಡು ಬಂದೋನು ನೀನೊಬ್ನೇಯ. ಎಂಥಾ ಒಳ್ಳೇ ಸಿಸ್ಯ!" ಎಂದು ನನ್ನ ತಲೆ ಸವರಿದರು.

ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.