‘ಡ್ರಿಂಕ್’ ಎಂಬ ಕ್ರಿಯಾಪದವೂ ಬೇರಿಕೆಯ ವರನೂ

ಇಂಗ್ಲಿಷಿನ ‘ಡ್ರಿಂಕ್’ ಎಂಬ ಕ್ರಿಯಾಪದದ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಹೊಸೂರಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ ‘ಅವನು ಹಾಲು ಡ್ರಿಂಕ್ ಮಾಡುತ್ತಾನೆ’ ಎಂದು ಪಾಠ ಹೇಳಿದರೆ ತರಗತಿ ತೂಕಡಿಸುತ್ತಿತ್ತು. ಹಾಲನ್ನು ಬಿಟ್ಟು ಬರೀ ‘ಅವನು ಡ್ರಿಂಕ್ ಮಾಡುತ್ತಾನೆ’ ಎಂದೆನೋ, ಹಿಂದಿನ ಬೆಂಚು ಕಿಸಕ್ಕೆಂದು ಎಚ್ಚರವಾಗುತ್ತಿತ್ತು. ಕರ್ಮಪದ ಕಳಚಿದ ಮಾತ್ರಕ್ಕೆ ಸಭ್ಯ ಮನುಷ್ಯ ಕುಡುಕನಾಗಿಬಿಡುವುದು ಯಾವ ನ್ಯಾಯ? ನಮ್ಮ ‘ಕುಡಿ’ಗೂ ಅದೇ ಚಾಳಿ, ತಮಿಳು ತೆಲುಗುಗಳಿಗೂ ಅದೇ. ಇದು ವ್ಯಾಕರಣದ ತಮಾಷೆ, ಅಷ್ಟೇ ಎಂದುಕೊಂಡಿದ್ದೆ, ನನ್ನ ಚಿಕ್ಕಪ್ಪನ ಮಗಳು ಜಯಮ್ಮನ ಮದುವೆಯ ಮಾತು ಬರುವ ತನಕ.

ಎರಡನೆಯ ಮಹಾಯುದ್ಧ ಮುಗಿದ ಹೊಸತು. ಪಾನನಿಷೇಧ ಬಂದು ನಮ್ಮ ಜಿಲ್ಲೆಯ ಹೆಂಡದಂಗಡಿಗಳಿಗೆ ಮತ್ತೆ ಬೀಗ ಬಿದ್ದಿತ್ತು. ಕುಡಿದವರು ಸಿಕ್ಕಿಬಿದ್ದರೆ ಠಾಣೆಯ ದಾರಿ. ಅಂಥ ಕಾಲದಲ್ಲಿ ಗುಮ್ಮಳಾಪುರದ ಚಿಕ್ಕಪ್ಪನ ಮನೆಗೆ ಬೇರಿಕೆ ಎಂಬ ಊರಿನಿಂದ ಹೆಣ್ಣು ನೋಡಲು ಬಂದರು. ನಾನೂ ಅಲ್ಲಿದ್ದೆ. ವರ ಮುನಿಸ್ವಾಮಿ ತಲೆ ತಗ್ಗಿಸಿ ಕೂತಿದ್ದ. ಮಾತೆಲ್ಲ ಅವನ ಸೋದರಮಾವ ವೆಂಕಟಪ್ಪನದು. ಅವರ ಮನೆಮಾತು ತೆಲುಗು. ಕನ್ನಡವನ್ನೂ ಅದರ ಅಚ್ಚಿನಲ್ಲೇ ಎರೆದು ಆಡುತ್ತಿದ್ದರು. ಬಾಗಿಲ ಸಂದಿಯಿಂದ ಹುಡುಗನನ್ನು ನೋಡಿದ ಜಯಮ್ಮ ಒಪ್ಪಿದ್ದಾಳೆಂದು ಅವಳ ಮುಖವೇ ಹೇಳುತ್ತಿತ್ತು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಕೇಳಿದ: “ಹುಡುಗ ಕುಡಿಯೋದು ಗಿಡಿಯೋದು ಏನಾರ ಐತಾ?”

“ಸುಳ್ಯಾಕೆ ಯೋಳ್ಲಿ ಸ್ವಾಮಿ,” ಎಂದ ವೆಂಕಟಪ್ಪ, ತನ್ನ ಪ್ರಾಮಾಣಿಕತೆಗೆ ತಾನೇ ಹಿಗ್ಗುತ್ತ. “ಕುಡೀತಾನೆ. ಉಂಡ್ಮೇಕೆ ಒಂದು, ಹೊಲದ ತಾವ ಒಂದು. ಅವ್ರಪ್ಪನೂ ಕುಡೀತಿದ್ದ. ನಾನೂ ಕುಡೀತೀನಿ.”

ಚಿಕ್ಕಪ್ಪ ತಾಂಬೂಲದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. “ಎದ್ದೇಳ್ರಪ್ಪ. ನಾವು ಹೆಣ್ಣು ಕೊಡಾಕಿಲ್ಲ.”

ಮುನಿಸ್ವಾಮಿ ಮೊದಲ ಸಲ ತಲೆ ಎತ್ತಿ ಬಾಗಿಲ ಕಡೆ ನೋಡಿದ. ಏನಾಯಿತೆಂದು ಅವನಿಗೂ ತಿಳಿಯಲಿಲ್ಲ, ನಾಲ್ಕು ಭಾಷೆ ಬಲ್ಲ ನನಗೂ ಹೊಳೆಯಲಿಲ್ಲ. ಒಳಗಿಂದ ಜಯಮ್ಮ ಕರೆದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಅಣ್ಣ, ಕುಡೀತಾನೆ ಅಂದ್ರಲ್ಲ, ಏನು ಅಂತ ಯಾರೂ ಕೇಳ್ಲೇ ಇಲ್ವಲ್ಲ. ಹೋಗಿ ಕೇಳು.”

ಹೊರಗೆ ಅವರು ಚಪ್ಪಲಿ ಮೆಟ್ಟುತ್ತಿದ್ದರು. ನಾನು ಓಡಿಹೋಗಿ ಕೇಳಿದೆ: “ವೆಂಕಟಪ್ಪನೋರೆ, ಹುಡುಗ ಏನು ಕುಡೀತಾನೆ?”

“ಇನ್ನೇನು ಸ್ವಾಮಿ, ಬೀಡಿ!”

ಚಿಕ್ಕಪ್ಪ ಜಗಲಿಯಲ್ಲೇ ಕುಸಿದು ಕೂತು ನಕ್ಕ. “ಅಂಗಂತ ಮೊದ್ಲೇ ಯೋಳ್ಬಾರ್ದೇನಯ್ಯ!” ತಾಂಬೂಲದ ತಟ್ಟೆ ಮತ್ತೆ ಮುಂದಕ್ಕೆ ಬಂತು.

ತೆಲುಗರು ಬೀಡಿಯನ್ನು ಕುಡಿಯುತ್ತಾರೆ; ತಮಿಳರಲ್ಲೂ ಹಾಗನ್ನುವವರುಂಟು. ಆಮೇಲೆ ಓದಿ ತಿಳಿದದ್ದೆಂದರೆ, ಹೊಗೆಸೊಪ್ಪು ಹೊಸದಾಗಿ ಇಂಗ್ಲೆಂಡಿಗೆ ಹೋದಾಗ ಇಂಗ್ಲಿಷರೂ ಅದನ್ನು ‘ಡ್ರಿಂಕ್’ ಮಾಡುತ್ತಿದ್ದರಂತೆ! ಅಂದರೆ ವೆಂಕಟಪ್ಪನದು ಹಳೆಯ ಕಾಲದ ಶುದ್ಧ ಇಂಗ್ಲಿಷು.

ಮದುವೆಯಾಗಿ ಒಂದು ವರ್ಷಕ್ಕೆ ನಾನು ಬೇರಿಕೆಗೆ ಹೋದೆ. ಜಯಮ್ಮ ಬಾವಿಯಿಂದ ನೀರು ಸೇದುತ್ತಿದ್ದಳು. ಮುನಿಸ್ವಾಮಿ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಹೆಂಡತಿಯ ಕನ್ನಡದ ಸಹವಾಸದಲ್ಲಿ ಕುಡಿಯುವುದನ್ನು ಬಿಟ್ಟು ಸೇದುವುದನ್ನು ಕಲಿತಿದ್ದ. ಇಬ್ಬರನ್ನೂ ನೋಡಿ ನನ್ನ ತಲೆಯೊಳಗೆ ನಿಘಂಟು ತೆರೆದುಕೊಂಡಿತು. ‘ಡ್ರಿಂಕ್’ ಹುಟ್ಟಿದ್ದು ಹೇಗೆಂದು ಖಚಿತವಾಗಿ ಗೊತ್ತಿಲ್ಲ. ಒಳಕ್ಕೆ ಎಳೆದುಕೊಳ್ಳುವುದು ಎಂಬುದೇ ಅದರ ಮೂಲಾರ್ಥವಿರಬೇಕೆಂದು ಕೆಲವು ಪಂಡಿತರ ಊಹೆ. ಎಳೆಯುವುದೆಂದರೆ ಸೇದುವುದೇ ಅಲ್ಲವೆ? ಸಂಭ್ರಮ ತಡೆಯಲಾರದೆ ಅವರಿಗೆ ವಿವರಿಸಿದೆ. ಬಾವಿಯ ನೀರು, ಬೀಡಿಯ ಹೊಗೆ, ಲೋಟದ ಮಜ್ಜಿಗೆ, ಏನನ್ನೇ ಎಳೆದುಕೊಂಡರೂ ಬುಡದಲ್ಲಿ ಎಲ್ಲ ಒಂದೇ ಕೆಲಸ ಎಂದೆ.

ಜಯಮ್ಮ ಪೂರ್ತಿ ಕೇಳಿಸಿಕೊಂಡಳು. “ಎಲ್ಲಾ ಒಂದೇ ಕೆಲ್ಸ ಅಂದ್ಮೇಲೆ ಒಳ್ಳೇದೇ ಆಯ್ತು ಬಿಡಣ್ಣ,” ಎಂದು ಬಾವಿಯ ಹಗ್ಗವನ್ನು ಗಂಡನ ಕೈಗೆ ಕೊಟ್ಟಳು.

ಮುನಿಸ್ವಾಮಿ ಬೀಡಿ ಆರಿಸಿ ಎದ್ದ.