ಗಿರಣಿ ಝಾಡಿಸುವ ಗಿರಿಜಕ್ಕ

ಗಿರಿಜಕ್ಕ ಗುಟ್ಟನ್ನೂ ಒದರಿ ಹೇಳುವ ಹೆಂಗಸು. ಲಕ್ಷ್ಮೇಶ್ವರದ ಬಜಾರದಲ್ಲಿ ಅವಳದೊಂದು ಹಿಟ್ಟಿನ ಗಿರಣಿ. ಅದರ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಗಿರಣಿ ನಿಂತಾಗಲೂ ಅವಳ ದನಿ ಇಳಿಯುತ್ತಿರಲಿಲ್ಲ. "ಯಾರ ಮುಂದೂ ಹೇಳಬ್ಯಾಡವಾ" ಎಂದು ನನ್ನ ಕಿವಿಯಲ್ಲಿ ಹೇಳಿದ್ದನ್ನು ಎದುರಿನ ಕಿರಾಣಿ ಅಂಗಡಿಯವರು ಕೇಳಿ ನಕ್ಕದ್ದುಂಟು. ನನಗೆ ಕಣ್ಣು ಕಾಣುವುದಿಲ್ಲ. ಆದರೆ ಗಿರಿಜಕ್ಕ ಎಲ್ಲಿದ್ದಾಳೆಂದು ಹುಡುಕುವ ಪ್ರಸಂಗ ನನಗೆಂದೂ ಬರಲಿಲ್ಲ!

ನಾನು ದಿನಾ ಇಲ್ಲಿಂದ ಶಿರಹಟ್ಟಿಗೆ ಹೋಗಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಆಗ ಪಾಠ, ಹುಡುಗರ ಉತ್ತರ, ಎಲ್ಲವನ್ನೂ ತಂಗಿ ಸುನಂದಾ ಓದಿ ಹೇಳುತ್ತಿದ್ದಳು. ಅವಳಿಗೆ ಮುಂಡರಗಿಯ ವರ ಗೊತ್ತಾದಾಗ ಮನೆಯವರೆಲ್ಲ ಸಕ್ಕರೆ ಹಂಚಿದರು. ನನಗೆ ಮಾತ್ರ ಒಂದೇ ಚಿಂತೆ. ಅವಳು ಹೋದ ಮೇಲೆ ಓದುವವರು ಯಾರು? ನೌಕರಿ ಬಿಡುವುದೇ ಸೈ ಅನ್ನಿಸಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಎಂಬ, ಪುಕ್ಕಟೆ ಸಿಗುವ ಕಾರ್ಯವ್ಯವಸ್ಥೆ ಇತ್ತು, ಬರೆದದ್ದನ್ನು ಓದಿ ಹೇಳುವ ತಂತ್ರಾಂಶವೂ ಇತ್ತು, ಖರೆ. ಆದರೆ ಆ ಮಹಾರಾಯ ಒತ್ತಕ್ಷರಗಳನ್ನೆಲ್ಲ ನುಂಗುತ್ತಿದ್ದ. ಹುಡುಗರು 'ಕತ್ತೆ ಒದೆಯಿತು' ಎಂದು ಬರೆದರೆ 'ಕತೆ ಒದೆಯಿತು' ಎನ್ನುತ್ತಿದ್ದ. ಇದನ್ನು ಕೇಳಿ ನಾನು ಅಂಕ ಕೊಡಬೇಕು!

ಜೋಳ ಬೀಸಿಸಲು ಹೋದಾಗ ಗಿರಣಿಯಲ್ಲಿ ಸುನಂದಾಳ ಮುಂದೆ ಇದೇ ಗೋಳು ಹೇಳುತ್ತಿದ್ದೆ. ಗದ್ದಲದೊಳಗಿಂದ ಒಂದು ಗರ್ಜನೆ ಬಂತು: "ಯಾವ ಆವೃತ್ತಿ ಐತಿ?"

ಗದಗಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಗಂಡನ ಮನೆಯ ಗಿರಣಿಗೆ ಬಂದ ಗಿರಿಜಕ್ಕ, ನಾನು ಬಳಸುವ ಅದೇ ಲಿನಕ್ಸಿಗೆ ಹೊಸ ತಂತ್ರಾಂಶಗಳನ್ನು ಸಿದ್ಧಪಡಿಸಿ ಸೇರಿಸುವ ಸ್ವಯಂಸೇವಕರಲ್ಲಿ ಒಬ್ಬಳೆಂದು ಅವತ್ತು ತಿಳಿಯಿತು. ಗಿರಾಕಿಯಿಲ್ಲದ ಹೊತ್ತಿನಲ್ಲಿ, ಹಿಟ್ಟು ಬೀಳದಂತೆ ಲ್ಯಾಪ್‌ಟಾಪಿಗೆ ಟಾವೆಲ್ ಹೊದಿಸಿ, ಅದರೊಳಗೆ ತಲೆ ತೂರಿಸಿ ಕೂಡುತ್ತಾಳೆಂದು ಸುನಂದಾ ನಗುತ್ತ ವರ್ಣಿಸಿದಳು.

"ಒತ್ತಕ್ಷರ ಸರಿ ಮಾಡಿದ ಹೊಸಾದು ಆಗಲೇ ಬಂದೈತಿ ತಂಗೀ," ಎಂದಳು ಗಿರಿಜಕ್ಕ. "ಅದನ್ನ ಬರದವರು ಕಾಳು ಬೆಳದು ಇಟ್ಟಾರ. ಇಡೀ ಕಾಳು ತಿನ್ನಾಕ ಬರತೈತೇನು? ಹಸನ ಮಾಡಿ, ಬೀಸಿ, ಚೀಲಕ್ಕ ತುಂಬಿ ಮನಿಮನಿಗೆ ಮುಟ್ಟಸಾಕ ಯಾರರ ಬೇಕಲ್ಲ? ನಾ ಮಾಡತೀನಿ. ನೀ ಕೇಳಿ ಹೇಳು."

ಒಬ್ಬರ ಜೋಳ ಮುಗಿದು ಇನ್ನೊಬ್ಬರ ಗೋಧಿ ಹಾಕುವ ಮೊದಲು ಅವಳು ಗಿರಣಿಯನ್ನು ಬಡಿದು, ಒಳಗುಳಿದ ಹಿಟ್ಟು ಬೀಳುವಂತೆ ಝಾಡಿಸುತ್ತಿದ್ದಳು. ಜಲ್ದಿ ಮಾಡು ಎಂದವರಿಗೆ ಮಂಗಳಾರತಿ: "ಅವರ ಜ್ವಾಳ ನಿಮ್ಮ ಗೋದಿಗೆ ಬಂದ್ರ ಚಪಾತಿ ಹರೀತಾವು, ನಿಂದರ್ರಿ!"

ಮದುವೆಗೆ ವಾರವಿದ್ದಾಗ ಹೊಸ ಆವೃತ್ತಿ ಸಿದ್ಧವಾಯಿತು. ಅವಳ ಲ್ಯಾಪ್‌ಟಾಪಿನಲ್ಲಿ 'ಕತ್ತೆ' ಎಂದು ಸ್ಪಷ್ಟವಾಗಿ ಕೇಳಿ ನಾನು ಚಪ್ಪಾಳೆ ತಟ್ಟಿದೆ. ಮನೆಗೆ ತಂದು ನನ್ನದರಲ್ಲಿ ಹಾಕಿದರೆ ಉಸಿರೇ ಇಲ್ಲ! ಹಳೆಯ ಅರೆಬರೆ ಮಾತೂ ಹೋಯಿತು. ಮದುವೆ ಮನೆಯ ಗಡಿಬಿಡಿಯ ನಡುವೆ ನಾನು ಅತ್ತುಬಿಟ್ಟೆ. ಸುನಂದಾ ಫೋನ್ ಹಚ್ಚಿದಳು. ಆ ಕಡೆ ಗಿರಣಿ ನಿಂತ ಸದ್ದು. ಕೀಲಿಮಣೆ ಕುಟ್ಟಿದ ಸದ್ದು. ಆಮೇಲೆ ಗಿರಿಜಕ್ಕನ ಕೂಗು: "ಅಯ್ಯ ನನ್ನ ಶಿವನ! ಗಿರಣಿ ಝಾಡಿಸಿದ್ದಿಲ್ಲವಾ!"

ಅವಳ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸದಿಂದ ಉಳಿದ ಒಂದು ತುಣುಕು ಇತ್ತಂತೆ. ಹೊಸ ತಂತ್ರಾಂಶ ಅದನ್ನು ಆತುಕೊಂಡು ಮಾತಾಡುತ್ತಿತ್ತು. ನನ್ನಲ್ಲಿ ಆ ತುಣುಕು ಇರಲಿಲ್ಲ. ಗಿರಿಜಕ್ಕ ಗಿರಣಿಗೆ ಬೀಗ ಹಾಕಿ, ಲ್ಯಾಪ್‌ಟಾಪಿನಲ್ಲಿ ಏನೂ ಉಳಿಯದಂತೆ ಸ್ವಚ್ಛ ಮಾಡಿ, ಆ ತುಣುಕನ್ನೂ ಸೇರಿಸಿ ತಂತ್ರಾಂಶವನ್ನು ಮೊದಲಿಂದ ಕಟ್ಟಿ, ಮಧ್ಯಾಹ್ನ ನಮ್ಮ ಹಂದರದ ಕೆಳಗೆ ಬಂದು ಕೂತಳು. ಯಂತ್ರ 'ಕತ್ತೆ' ಎಂದಿತು. "ಆ ಕತ್ತಿ ನಾನ!" ಎಂದು ಅವಳು ಕೂಗಿದ್ದಕ್ಕೆ ಹಂದರವೆಲ್ಲ ತಿರುಗಿ ನೋಡಿತು. "ಊರಿಗೆಲ್ಲಾ ಬುದ್ಧಿ ಹೇಳಾಕಿ, ನನ್ನ ಮನ್ಯಾಗ ಜ್ವಾಳ ಗೋದಿ ಕಲಸಿದ್ದೆ ನೋಡ್ರಿ!" ತಪ್ಪನ್ನೂ ಹೀಗೆ ಒದರಿ ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪ್ರತಿ ಆವೃತ್ತಿಯಲ್ಲಿ ಏನು ಬದಲಾಯಿತೆಂದು ತಂತ್ರಾಂಶದ ಜೊತೆ ಬೆಳೆಯುತ್ತ ಹೋಗುವ ಟಿಪ್ಪಣಿಯಲ್ಲೂ ಅದನ್ನು ಇಂಗ್ಲಿಷಿನಲ್ಲಿ ಬರೆದು, ನನಗಾಗಿ ಕನ್ನಡದಲ್ಲೂ ಬರೆದಳು.

ಸುನಂದಾ ಮುಂಡರಗಿಗೆ ಹೋದಳು. ನಾನು ನೌಕರಿ ಬಿಡಲಿಲ್ಲ.

ಹೋದ ಚಳಿಗಾಲದಲ್ಲಿ ಗಿರಿಜಕ್ಕ ಎದೆನೋವೆಂದಳಂತೆ, ಆಸ್ಪತ್ರೆ ಮುಟ್ಟಲಿಲ್ಲ. ಗಿರಣಿಗೆ ಬೀಗ ಬಿದ್ದಿದೆ. ಆ ಬಜಾರದಲ್ಲಿ ಈಗ ನಾನು ದಾರಿ ತಪ್ಪುತ್ತೇನೆ.

ಮೊನ್ನೆ ಇನ್ನೂ ಹೊಸ ಆವೃತ್ತಿ ಬಂತು, ಬೇರೆ ಯಾರೋ ಕಟ್ಟಿದ್ದು. ಟಿಪ್ಪಣಿ ಓದಿಸಿದೆ. ಕೆಳಗೆ ಅವಳ ಸಾಲು ಹಾಗೇ ಇತ್ತು: 'ತಪ್ಪು ನನ್ನದು. ಸ್ವಚ್ಛ ಮಾಡದೆ ಕಟ್ಟಿದ್ದೆ. ಗಿರಿಜಾ, ಲಕ್ಷ್ಮೇಶ್ವರ.' ಯಂತ್ರ ಒಂದು ಒತ್ತನ್ನೂ ನುಂಗಲಿಲ್ಲ. ಆದರೆ ಎಷ್ಟು ಮೆಲ್ಲಗೆ ಓದಿತು! ಗಿರಿಜಕ್ಕ ಹೀಗೆ ಮಾತಾಡಿದ್ದೇ ಇಲ್ಲ. ನಾನು ದನಿಯನ್ನು ಪೂರ್ತಿ ಏರಿಸಿ, ಮತ್ತೊಮ್ಮೆ ಓದಿಸಿದೆ.