ಲ್ಯಾನ್ಸ್ ನಾಯಕ್ ಸ್ಪಂದನ ಮತ್ತು ಉಪ್ಪು ಟೀ

ದಬ್ಬೇಘಟ್ಟದ ನಂಜುಂಡಪ್ಪನವರ ಮಗಳು ಸ್ಪಂದನ ಸೇನೆಯ ಮಿಲಿಟರಿ ಪೊಲೀಸ್ ಸೇರಿ ಐದು ವರ್ಷವಾಗಿತ್ತು. ರಜೆಗೆ ಬಂದವಳು ಅಟ್ಟ ಹತ್ತಿ, ಒಣಗಿದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಎಂದದ್ದನ್ನು ಮಾತ್ರ ಕೆಳಗೆ ಉರುಳಿಸುತ್ತಿದ್ದಳು. ಆಗ ಸುಬೇದಾರರ ಫೋನ್ ಬಂತು. ಮಾತು ಮುಗಿದದ್ದೇ ತಡ, ಏಣಿಯ ಕೊನೆಯ ನಾಲ್ಕು ಮೆಟ್ಟಿಲು ಬಿಟ್ಟು ನೆಲಕ್ಕೇ ಹಾರಿದಳು.

“ಅಮ್ಮಾ! ಐದು ದೇಶದ ಸೈನಿಕ್ರ ಜೊತೆ ಟ್ರೈನಿಂಗ್ ಅಂತೆ. ನನ್ನ ಹೆಸ್ರು ಬಂದೈತೆ!”

“ಗುಂಡು ಹೊಡಿಯಾಕೆ ಬತ್ತದಲ್ಲ ನಿಂಗೆ, ಇನ್ನೇನ್ ಕಲಿಸ್ತಾರೆ?” ಎಂದರು ತಾಯಿ ನಿರ್ಮಲಾ.

“ಶಾಂತಿ ಕಾಯಾಕೆ ಬೇರೆ ದೇಶಕ್ಕೆ ಹೋದಾಗ ಅಲ್ಲಿನ ಜನರ ಹತ್ರ ಹೆಂಗ್ ನಡ್ಕೋಬೇಕು ಅಂತ ಕಲಿಸ್ತಾರೆ ಕಣಮ್ಮ.”

“ಜನರನ್ನ ಮಾತಾಡ್ಸಾದೂ ಒಂದು ಪಾಠನಾ? ಬುಡು, ನೀನೇ ಅವ್ರಿಗೆ ಕಲಿಸ್ತೀಯ.”

ಸ್ಪಂದನಳಿಗೂ ಹಾಗೇ ಅನಿಸಿತ್ತು.

ಉತ್ತರ ಭಾರತದ ತರಬೇತಿ ಮೈದಾನದಲ್ಲಿ ಅವಳ ಜೋಡಿಯಾಗಿ ಸಿಕ್ಕವಳು ಮಂಗೋಲಿಯಾದ ಸಾರ್ಜೆಂಟ್ ಓಯುನ. ಮೊದಲ ಸಂಜೆಯೇ ಓಯುನ ಎರಡೂ ಕೈಯಲ್ಲಿ ಒಂದು ಬಟ್ಟಲು ಹಿಡಿದು ತಂದಳು. ಹಾಲು ಬೆರೆಸಿದ ಉಪ್ಪು ಟೀ. ವಾಸನೆ ಮೂಗಿಗೆ ಬಡಿದದ್ದೇ ಸ್ಪಂದನ ಎಡಗೈ ಬೀಸಿ ಬೇಡವೆಂದುಬಿಟ್ಟಳು. ಓಯುನಳ ಮುಖ ಸಪ್ಪಗಾಯಿತು. ಮರುದಿನವೆಲ್ಲ ಅವಳದು ಕೆಲಸಕ್ಕೆ ಬೇಕಾದಷ್ಟೇ ಮಾತು. ಏನು ತಪ್ಪಾಯಿತೋ ಸ್ಪಂದನಳಿಗೆ ತಿಳಿಯಲಿಲ್ಲ.

ಮೂರನೆಯ ದಿನ ಮುಳ್ಳುತಂತಿಯ ಕೆಳಗೆ ತೆವಳಿ ಏಳುವಾಗ ಸ್ಪಂದನಳ ಬೂಟು ಓಯುನಳ ಕಾಲಿಗೆ ತಗುಲಿತು. ತಟ್ಟನೆ ಓಯುನಳ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನೋಡಿದರೆ ಅಷ್ಟರಲ್ಲೇ ಓಯುನ ಕೈ ಚಾಚಿ ನಿಂತಿದ್ದಾಳೆ!

“ನಮ್ಮಲ್ಲಿ ಕಾಲು ತಾಕಿದರೆ ಕೈ ಕುಲುಕಬೇಕು. ಇಲ್ಲದಿದ್ದರೆ ಜಗಳ,” ಎಂದಳು ಓಯುನ ಹರಕುಮುರುಕು ಇಂಗ್ಲಿಷಿನಲ್ಲಿ.

“ನಮ್ಮಲ್ಲಿ ಮುಟ್ಟಿ ನಮಸ್ಕಾರ ಮಾಡಬೇಕು!” ಎಂದಳು ಸ್ಪಂದನ. ಇಬ್ಬರೂ ಮೈತುಂಬ ಮಣ್ಣು ಮೆತ್ತಿಕೊಂಡೇ ಬಿದ್ದುಬಿದ್ದು ನಕ್ಕರು.

ಆ ನಗುವಿನ ಧೈರ್ಯದಲ್ಲೇ ಸ್ಪಂದನ ಟೀ ವಿಷಯ ಕೇಳಿದಳು. ಬಂದವರಿಗೆ ತಮ್ಮಲ್ಲಿ ಮೊದಲು ಅದನ್ನೇ ಕೊಡುವುದು, ಸೇರದಿದ್ದರೂ ಬಲಗೈಯಲ್ಲಿ ತೆಗೆದುಕೊಂಡು ತುಟಿಗಾದರೂ ತಾಕಿಸಬೇಕು ಎಂದಳು ಓಯುನ. ಸ್ಪಂದನಳಿಗೆ ನಾಚಿಕೆಯಾಯಿತು. ಆ ಸಂಜೆ ಒಂದು ಬಟ್ಟಲನ್ನು ಕಣ್ಣು ಮುಚ್ಚಿ ಕುಡಿದಳು, ಇನ್ನೊಂದನ್ನು ಕೇಳಿ ಹಾಕಿಸಿಕೊಂಡು ಕುಡಿದಳು.

ಕೊನೆಯ ದಿನ ಪರೀಕ್ಷೆ. ಮೈದಾನದಲ್ಲಿ ಒಂದು ಸುಳ್ಳು ಹಳ್ಳಿ ಕಟ್ಟಿ, ಹಳ್ಳಿಗರ ಪಾತ್ರಕ್ಕೆ ಸುತ್ತಲಿನ ಜನರನ್ನು ಕರೆಸಿದ್ದರು. ನೆಲಬಾಂಬ್ ಹೂತಿರುವ ದಾರಿ ಯಾವುದೆಂದು ತಿಳಿದು, ಅದನ್ನು ಬಿಟ್ಟು ಇಪ್ಪತ್ತು ನಿಮಿಷದಲ್ಲಿ ಹಳ್ಳಿಯಾಚೆಯ ಗೆರೆ ದಾಟಬೇಕು. ಗೊತ್ತಿದ್ದದ್ದು ಬಾವಿಕಟ್ಟೆಯ ಮುದುಕಿಗೆ ಮಾತ್ರ. ಮುಂಚೆ ಹೋದ ಎರಡು ತಂಡಕ್ಕೂ ಆಕೆ ಬಾಯಿ ಬಿಟ್ಟಿರಲಿಲ್ಲ.

ಸ್ಪಂದನ, ಓಯುನ ಹತ್ತಿರ ಹೋದಾಗ ಮುದುಕಿ ಒಂದು ಲೋಟ ಮುಂದೆ ಹಿಡಿದಳು. ಒಳಗೆ ಎಂಥದ್ದೋ ಕಂದು ಬಣ್ಣದ ನೀರು. ಹನ್ನೆರಡು ನಿಮಿಷ ಉಳಿದಿತ್ತು. ಸ್ಪಂದನ ಕಪ್ಪು ಕನ್ನಡಕ ತೆಗೆದಳು, ಬಂದೂಕು ಬೆನ್ನಿಗೆ ಸರಿಸಿ ನೆಲದ ಮೇಲೆ ಕೂತಳು, ಬಲಗೈಯಲ್ಲಿ ಲೋಟ ತೆಗೆದುಕೊಂಡಳು. ಮೆಂತ್ಯದ ಕಹಿ! ಅರ್ಧ ಕುಡಿದು ಓಯುನಳಿಗೆ ಕೊಟ್ಟಳು, ಅವಳೂ ಕುಡಿದಳು. ಸ್ಪಂದನ ಬಾಂಬಿನ ಸುದ್ದಿಯನ್ನೇ ಎತ್ತದೆ, ಮನೆಯಲ್ಲಿ ಯಾರ್ಯಾರಿದ್ದೀರಿ, ನೀರು ಸೇದುವವರು ಯಾರು ಎಂದು ತನ್ನ ಹಿಂದಿಯಲ್ಲಿ ವಿಚಾರಿಸಿದಳು. ಮುದುಕಿ ಸೊಸೆಯನ್ನು ದೂರಿದಳು, ಮೊಮ್ಮಗನನ್ನು ಹೊಗಳಿದಳು. ಇನ್ನು ಮೂರೇ ನಿಮಿಷ. ಆಗ ಮುದುಕಿ ಬಗ್ಗಿ ಮೆಲ್ಲಗೆ, “ಆಲದ ಮರದ ದಾರಿ ಹಿಡೀಬೇಡಿ, ಮಕ್ಕಳೇ,” ಎಂದಳು.

ಇಬ್ಬರೂ ಓಟ ಕಿತ್ತರು! ಅವರು ಗೆರೆ ದಾಟಿದಾಗ ಗಡಿಯಾರದಲ್ಲಿ ನಲವತ್ತು ಸೆಕೆಂಡು ಉಳಿದಿತ್ತು.

“ತಾನು ಕೊಟ್ಟದ್ದನ್ನು ಕುಡಿದವರಿಗೆ ಮಾತ್ರ ಹೇಳಬೇಕೆಂದು ಆಕೆಗೆ ತಿಳಿಸಿದ್ದೆವು,” ಎಂದರು ತೀರ್ಪುಗಾರ ಮೇಜರ್. “ಉಳಿದವರು ಲೋಟವನ್ನೇ ಮುಟ್ಟಲಿಲ್ಲ.” ಆಮೇಲೆ ಮುಂದಿನ ವರ್ಷದ ತಂಡದ ಪಟ್ಟಿ ಓದಿದರು.

ಸ್ಪಂದನ ಮನೆಗೆ ವಿಡಿಯೋ ಕಾಲ್ ಮಾಡಿದಳು. “ಅಮ್ಮಾ, ಗೆದ್ವಿ! ಮುಂದಿನ್ ವರ್ಷ ಮಂಗೋಲಿಯಾದಾಗೆ ಟ್ರೈನಿಂಗ್. ನಾನೂ ಹೋಯ್ತೀನಿ!”

“ಅಲ್ಲಿ ಚಳಿ ಜಾಸ್ತಿ ಏನೇ?”

ಪಕ್ಕದಲ್ಲಿದ್ದ ಓಯುನ ತನ್ನ ಮೊಬೈಲಿನಲ್ಲಿದ್ದ ಊರಿನ ಫೋಟೊ ತೋರಿಸಿದಳು. ಕಣ್ಣು ಹಾಯುವವರೆಗೂ ಹಿಮ, ನಡುವೆ ಒಂದು ಬಿಳಿ ಗುಡಾರ, ಬಾಗಿಲಲ್ಲಿ ನಗುತ್ತ ನಿಂತ ಅವಳ ತಾಯಿ.

ನಿರ್ಮಲಾ ಒಂದು ಗಳಿಗೆ ನೋಡಿದರು. ಮರುಗಳಿಗೆಯೇ ತೋಟಕ್ಕೆಲ್ಲ ಕೇಳುವಂತೆ, “ಏನ್ರೀ, ಬಿರ್‍ರನೆ ಬನ್ರೀ ಇಲ್ಲಿ, ಮಗ್ಳು ಹೋಗೋ ಊರು ನೋಡ್ರೀ!” ಎಂದು ಕೂಗುತ್ತ ಫೋನ್ ಹಿಡಿದೇ ಹೊರಗೋಡಿದರು.